ಹನ್ನೆರಡು ಎಣಿಸುವಷ್ಟು ಬೆಳಕು

ಪುಟ್ಟಪ್ಪನ ಕಾಲೆರಡು ಕಾರಿನ ಹೊರಗಿದ್ದವು, ತಲೆ ಒಳಗಿತ್ತು. ಪೊಲೀಸ್ ಠಾಣೆಯ ಅಂಗಳದಲ್ಲಿ ಹೀಗೆ ಅರ್ಧ ಒಳಗೆ, ಅರ್ಧ ಹೊರಗೆ ಇರುವವನನ್ನು ಜಾಮೀನಿನ ಮೇಲಿರುವವನು ಎನ್ನುತ್ತಾರೆ. ಪುಟ್ಟಪ್ಪನನ್ನು ಮಾತ್ರ ಆಟೋ ಎಲೆಕ್ಟ್ರಿಷಿಯನ್ ಎನ್ನುತ್ತಾರೆ.

"ಲೈಟ್ ಉರೀತದಾ ಇಲ್ವಾ ಅಂತ ನೋಡೋಕೆ ಇಷ್ಟೊತ್ತು ಬೇಕಾ ಮಾರಾಯ್ರೆ?" ಕಾನ್‌ಸ್ಟೇಬಲ್ ಬಸವೇಶ್ ಆಕಳಿಸಿದ.

"ಉರಿಯೋದನ್ನ ನೋಡೋಕೆ ಒಂದು ಕ್ಷಣ ಸಾಕು ಬಸವೇಶಣ್ಣ. ಉರೀದೇ ಇರೋದನ್ನ ನೋಡೋಕೆ ಹೊತ್ತು ಬೇಕು."

ಬೆಂಚಿನ ಮೇಲೆ ಕೂತಿದ್ದ ಜಲಜಮ್ಮ ಟಿಫಿನ್ ಡಬ್ಬಿಯನ್ನು ಎದೆಗೆ ಒತ್ತಿಕೊಂಡರು. ಮಗ ವಿಘ್ನೇಶ ಇಲ್ಲಿಲ್ಲ, ಜೈಲಿನಲ್ಲಿದ್ದಾನೆ ಎಂದು ಅವರಿಗೆ ಗೊತ್ತು. ಆದರೂ ಮೇಗುಂದದಿಂದ ಬರುವಾಗ ಡಬ್ಬಿ ತುಂಬದೆ ಬರಲು ಕೈ ಒಪ್ಪುವುದಿಲ್ಲ.

ಹನ್ನೊಂದು ದಿನದ ಹಿಂದೆ, ಒಂದು ಗುರುವಾರ, ಈ ಕಾರಿನಲ್ಲಿ ನರಸಿಂಹರಾಜಪುರದಿಂದ ಹೊರಟ ನಾರಾಯಣ ಮೇಷ್ಟ್ರು ಶೃಂಗೇರಿ ತಲುಪಲಿಲ್ಲ. ಅವರ ಚಪ್ಪಲಿ ಮತ್ತು ಕೊಡೆ ತುಂಗೆಯ ದಡ ತಲುಪಿದವು. ಕಾರು ಓಡಿಸಿದ ವಿಘ್ನೇಶ ಜೈಲು ತಲುಪಿದ.

"ಜಯಪುರದಲ್ಲಿ ಇಳಿಸು, ಮುಂದೆ ಬಸ್ಸಲ್ಲಿ ಹೋಗ್ತೀನಿ ಅಂದ್ರು, ಇಳಿಸಿದೆ" ಎನ್ನುವುದು ವಿಘ್ನೇಶನ ಮಾತು. ಅದನ್ನು ನಂಬಲು ಮೂರು ತಾಲೂಕಿನಲ್ಲಿ ಇದ್ದದ್ದು ಒಂದೇ ಆಧಾರ. ಜಯಪುರದ ಬಸ್ ಸ್ಟ್ಯಾಂಡಿನ ಬಜ್ಜಿ ಅಂಗಡಿಯ ಕಿರಣ. ಕರೆಂಟು ಹೋಗಿದ್ದ ಆ ಮುಸ್ಸಂಜೆ ಬಿಳಿ ಕಾರಿನ ಹಿಂದಿನ ಎಡಬಾಗಿಲು ತೆರೆದದ್ದು, ಒಳಗಿನ ಲೈಟು ಹೊತ್ತಿದ್ದು, ಆ ಬೆಳಕಿನಲ್ಲಿ ಮೇಷ್ಟ್ರ ಮುಖ ಕಂಡದ್ದು, ಅವರು ಇಳಿದದ್ದು, ಇಷ್ಟನ್ನೂ ಅವನು ಹೇಳಿಕೆ ಕೊಟ್ಟು ಸಹಿ ಹಾಕಿದ್ದ.

ನಾಳೆ ಬೆಳಿಗ್ಗೆ ಹತ್ತೂವರೆಗೆ ಜಾಮೀನಿನ ವಿಚಾರಣೆ.

"ಒಂದು ಸಾಲು ಸಾಕು ಪುಟ್ಟಪ್ಪಣ್ಣ." ವಕೀಲೆ ಸಂಪದಾ ಕಾಗದ, ಪೆನ್ನು ಎರಡನ್ನೂ ಚಾಚಿ ನಿಂತಿದ್ದಳು. "'ಕಾರಿನ ಒಳಗಿನ ದೀಪ ಸರಿಯಾಗಿದೆ' ಅಂತ ಬರೆದು ಕೆಳಗೊಂದು ಸಹಿ. ಕಿರಣನ ಮಾತಿಗೆ ಬಲ ಬರ್ತದೆ."

ಮೂವತ್ತೈದರ ಸಂಪದಾ ಈ ಕೇಸನ್ನು ತಾನಾಗಿಯೇ ವಹಿಸಿಕೊಂಡಿದ್ದಳು. ಜಲಜಮ್ಮ ಕೇಳುವ ಮೊದಲೇ ಮೇಗುಂದಕ್ಕೆ ಬಂದು, ಫೀಸು ಬೇಡ ಎಂದಿದ್ದಳು. ವಕೀಲರು ಫೀಸು ಬೇಡ ಎಂದರೆ ಊರು ಮೊದಲು ಅನುಮಾನ ಪಡುತ್ತದೆ, ಆಮೇಲೆ ಹೊಗಳುತ್ತದೆ. ಜಲಜಮ್ಮನಿಗೆ ಅನುಮಾನಕ್ಕೆ ಪುರುಸೊತ್ತಿರಲಿಲ್ಲ.

"ನಿಮ್ಮ ಕಾರು ಸ್ಟಾರ್ಟ್ ಮಾಡೋವಾಗ ಸೆಲ್ಫ್ ಮೋಟಾರ್ ಈಗ ತೊಂದ್ರೆ ಕೊಡ್ತಿಲ್ವಲ್ಲ ಲಾಯರಮ್ಮ?" ಪುಟ್ಟಪ್ಪ ಸೀಟಿನ ಸಂದಿಯಿಂದಲೇ ಕೇಳಿದ.

"ಫಸ್ಟ್ ಕ್ಲಾಸ್. ರಿಪೇರಿ ಆಗೋ ತನಕ ನಿಮ್ಮ ಕಾರು ಕೊಡದಿದ್ರೆ ನನ್ನ ಗತಿ ಅಷ್ಟೇ ಆಗಿತ್ತು. ಬರೀರಿ ಈಗ."

ಪುಟ್ಟಪ್ಪ ಎದ್ದು ನಿಂತ. ವಯಸ್ಸು ಐವತ್ತನಾಲ್ಕು, ಬೆನ್ನಿಗೆ ಎಪ್ಪತ್ತು. ಕೊಪ್ಪದಲ್ಲಿ ಅವನ ಶೆಡ್ಡಿಗೆ ಬೋರ್ಡಿಲ್ಲ. ಬ್ಯಾಟರಿ ಸತ್ತವರು ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ. ಇತ್ತೀಚೆಗೆ ಕೇಸು ಸತ್ತವರೂ ಬರತೊಡಗಿದ್ದಾರೆ.

ಅವನು ಮುಂದಿನ ಬಲಬಾಗಿಲು ತೆರೆದ. ಲೈಟು ಹೊತ್ತಿತು. ಮುಂದಿನ ಎಡಬಾಗಿಲು ತೆರೆದ. ಹೊತ್ತಿತು. ಹಿಂದಿನ ಬಲಬಾಗಿಲು. ಹೊತ್ತಿತು.

ಹಿಂದಿನ ಎಡಬಾಗಿಲು.

ಮೂರು ಬಾಗಿಲಿಗೆ ದೀಪಾವಳಿ, ಒಂದಕ್ಕೆ ಅಮಾವಾಸ್ಯೆ.

"ಇನ್ನೊಂದ್ಸಲ ತೆಗೀರಿ" ಎಂದಳು ಸಂಪದಾ.

ತೆಗೆದ. ಹಾಕಿದ. ತೆಗೆದ. ಕಾರಿನ ಹೊಟ್ಟೆಯೊಳಗಿನ ಕತ್ತಲು ಕದಲಲಿಲ್ಲ.

ಪುಟ್ಟಪ್ಪ ಮಂಡಿಯೂರಿ, ಬಾಗಿಲು ಬಂದು ಕೂರುವ ಕಂಬದ ಮೇಲೆ ಟಾರ್ಚು ಬಿಟ್ಟ. ಅಲ್ಲಿ ಹೆಬ್ಬೆರಳ ತುದಿಯಷ್ಟು ದೊಡ್ಡ ಒಂದು ಸ್ವಿಚ್ಚಿನ ಗುಂಡಿ. ಅದರ ರಬ್ಬರಿನ ಸುತ್ತ ಕೆಂಪಗೆ ಏನೋ ಒಣಗಿ ಗಟ್ಟಿಯಾಗಿತ್ತು.

"ಅಯ್ಯೋ ರಕ್ತ!" ಬಸವೇಶನ ನಿದ್ದೆ ಹಾರಿತು.

"ರಕ್ತ ಅಲ್ಲ ಮಾರಾಯ. ಗಂಧ, ಕುಂಕುಮ." ಪುಟ್ಟಪ್ಪ ಇನ್ನೂ ಹತ್ತಿರ ಬಗ್ಗಿದ. "ಗುಂಡಿಗೂ ರಬ್ಬರಿಗೂ ಮಧ್ಯ ಒಂದು ಅಕ್ಷತೆ ಕಾಳು."

ಬೆಂಚಿನ ಕಡೆಯಿಂದ ಡಬ್ಬಿ ಕೆಳಗೆ ಬಿದ್ದ ಸದ್ದು.

"ನಾನೇ ಇಟ್ಟಿದ್ದು ಪುಟ್ಟಪ್ಪಣ್ಣ." ಜಲಜಮ್ಮ ಎದ್ದು ಬಂದರು. "ಆಯುಧ ಪೂಜೆ ದಿನ. ಇಂಜಿನ್ನಿಗೆ, ಸ್ಟೇರಿಂಗಿಗೆ, ಚಕ್ರಕ್ಕೆ ಎಲ್ಲರೂ ಇಡ್ತಾರೆ. ಈ ಸಣ್ಣದಕ್ಕೆ ಯಾರೂ ಇಡಲ್ಲ, ಅದೂ ದುಡೀತದಲ್ಲ ಪಾಪ ಅಂತ ನಾನೇ ಬಗ್ಗಿ ಇಟ್ಟೆ. ಮೇಷ್ಟ್ರು ಅದೇ ಬಾಗ್ಲಲ್ಲಿ ಹತ್ತೂದು. ವಯಸ್ಸಾದೋರು, ಒಳ್ಳೇದಾಗ್ಲಿ ಅಂತ ಆ ಕಡೆ ಎರಡು ಕಾಳು ಜಾಸ್ತಿನೇ ಹಾಕಿದೆ. ಎಂತ ಆಯ್ತು ಅದಕ್ಕೆ?"

ಪುಟ್ಟಪ್ಪ ಉತ್ತರವನ್ನು ಆದಷ್ಟು ಮೆತ್ತಗೆ ಮಾಡಿ ಹೇಳಿದ.

"ಬಾಗ್ಲು ಮುಚ್ಚಿದಾಗ ಈ ಗುಂಡಿ ಒಳಗೆ ಒತ್ತಿಕೊಂಡಿರ್ತದೆ, ಲೈಟ್ ಆರಿರ್ತದೆ. ಬಾಗ್ಲು ತೆಗೆದ್ರೆ ಗುಂಡಿ ಹೊರಗೆ ಬರ್ತದೆ, ಲೈಟ್ ಹೊತ್ತುತ್ತದೆ. ಈಗ ಗಂಧ ಒಣಗಿ, ಕಾಳು ಸಿಕ್ಕಿ, ಗುಂಡಿ ಒಳಗೇ ಕೂತಿದೆ ಜಲಜಕ್ಕ. ಬಾಗ್ಲು ತೆಗೆದ್ರೂ ಕಾರಿಗೆ ಅದು ಮುಚ್ಚಿದಂಗೇ. ಆಯುಧ ಪೂಜೆಯಿಂದ ಈಚೆಗೆ ಈ ಬಾಗ್ಲಲ್ಲಿ ಲೈಟ್ ಹೊತ್ತಿಲ್ಲ."

"ಹಂಗಾದ್ರೆ ಕಿರಣ ಹೇಳಿದ್ದು?" ಎಂದರು ಜಲಜಮ್ಮ.

ಆಯುಧ ಪೂಜೆ ಆಗಿ ಮೂರು ವಾರಕ್ಕೆ ಮೇಷ್ಟ್ರು ಕಾಣೆಯಾದದ್ದು. ಕಾರು ಮರುದಿನವೇ ಠಾಣೆಗೆ ಬಂದದ್ದು. ಈ ಬಾಗಿಲಲ್ಲಿ ಲೈಟು ಬರುವುದಿಲ್ಲ ಎಂದಾದರೆ ಕಿರಣ ನೋಡಿದ್ದು ಸುಳ್ಳು. ಕಿರಣ ಸುಳ್ಳಾದರೆ ವಿಘ್ನೇಶನೂ ಸುಳ್ಳು. ತಾಯಿ ಇಟ್ಟ ಅಕ್ಷತೆಯೇ ಮಗನ ವಿರುದ್ಧ ಸಾಕ್ಷಿಗೆ ನಿಂತಿತ್ತು.

"ಕಾಳು ತೆಗೆದ್ರೆ ಉರಿಯುತ್ತಾ?" ಸಂಪದಾ ತಗ್ಗಿದ ದನಿಯಲ್ಲಿ ಕೇಳಿದಳು.

"ಉರಿಯುತ್ತೆ."

ಅವಳು ಆಕಾಶ ನೋಡಿದಳು. ಬಸವೇಶ್ ಗೇಟು ನೋಡಿದ. ಕಾನೂನಿನ ಎರಡು ಕಣ್ಣುಗಳೂ ಏಕಕಾಲಕ್ಕೆ ಬೇರೆ ಕಡೆ ತಿರುಗಿದ್ದವು. ಪುಟ್ಟಪ್ಪನ ಕೈಯಲ್ಲಿ ಸಣ್ಣ ಸ್ಕ್ರೂಡ್ರೈವರ್ ಇತ್ತು. ಒಂದು ಮೀಟು ಸಾಕು.

"ತೆಗೆದುಬಿಡಿ ಪುಟ್ಟಪ್ಪಣ್ಣ." ಜಲಜಮ್ಮ ಅವನ ಮೊಣಕೈ ಹಿಡಿದರು. "ಅವನು ಹಂಗೆಲ್ಲ ಮಾಡೋ ಮಾಣಿ ಅಲ್ಲ ಅಂತ ನಿಮಗೂ ಗೊತ್ತು. ನಾನು ಹಾಕಿದ ಕಾಳು, ನಾನೇ ತೆಗೀತೀನಿ ಬೇಕಾದ್ರೆ."

"ತೆಗೆದ್ರೆ ಮಗ ನಾಳೆ ಮನೆಗೆ ಬರಬಹುದು ಜಲಜಕ್ಕ. ಆದ್ರೆ ಕಿರಣ ನಿಜವಾಗ್ಲೂ ನೋಡಿದ್ದು ಎಂತ ಅಂತ ಇನ್ಯಾವತ್ತೂ ಗೊತ್ತಾಗಲ್ಲ. ನಾಡಿದ್ದು ಇನ್ಯಾರೋ ಬಂದು ಆ ಲೈಟ್ ಕೆಟ್ಟಿತ್ತು ಅಂದ್ರೆ ಮತ್ತೆ ಒಳಗೆ. ಆಮೇಲೆ ಬಿಡಿಸೋಕೆ ನಾನೂ ಇರಲ್ಲ, ಕಾಳೂ ಇರಲ್ಲ." ಅವನು ಸ್ಕ್ರೂಡ್ರೈವರ್ ಜೇಬಿಗೆ ಹಾಕಿದ. "ಸಂಜೆ ಜಯಪುರಕ್ಕೆ ಹೋಗಿ ಬರ್ತೀನಿ. ಕಿರಣ ಸುಳ್ಳು ಹೇಳೋ ಪೈಕಿ ಅಲ್ಲ. ಅವನ ಬಜ್ಜಿಯಲ್ಲಿ ಮೆಣಸಿನಕಾಯಿ ಇದೆ ಅಂದ್ರೆ ಇರ್ತದೆ."

"ಬೇಡ!"

ಸಂಪದಾ ಅದನ್ನು ಸ್ವಲ್ಪ ಜೋರಾಗಿಯೇ ಹೇಳಿದಳು. ಆಮೇಲೆ ದನಿ ಇಳಿಸಿದಳು. "ಸಾಕ್ಷಿಯನ್ನ ನಾವು ಹೋಗಿ ಮಾತಾಡಿಸಿದ್ರೆ ಕೋರ್ಟಲ್ಲಿ ತೊಂದ್ರೆ ಆಗ್ತದೆ. ನೀವು ಹೋಗಬೇಡಿ. ರಾತ್ರಿ ಒಳಗೆ ನಾನೇ ಏನಾದ್ರೂ ಯೋಚನೆ ಮಾಡ್ತೀನಿ."

ಜಲಜಮ್ಮ ಬಿದ್ದ ಡಬ್ಬಿಯ ಮುಚ್ಚಳ ಹುಡುಕುತ್ತ, ಯಾರಿಗೆ ಎಂದಿಲ್ಲದೆ ಮಾತಾಡುತ್ತಿದ್ದರು.

"ಆ ಮೇಷ್ಟ್ರು ಯಾವಾಗ್ಲೂ ಒಳಗಿನ ಲೈಟ್ ಹಾಕ್ಸೋರು. ಡ್ರೈವರಿಗೆ ಅದು ಆಗಲ್ಲ ಅಲ್ದಾ, ಎದುರಿನ ಗಾಜಲ್ಲಿ ತನ್ನ ಮುಖಾನೇ ಕಾಣ್ತದೆ, ರಸ್ತೆ ಕಾಣಲ್ಲ. ಇವನು ಬೈತಿದ್ದ. ಅವರು ಕೇಳ್ತಿರ್ಲಿಲ್ಲ. 'ಹಾಕು ಮಾರಾಯ, ದಾರೀಲಿ ಯಾರಾದ್ರೂ ನನ್ನ ನೋಡಿ ಕೈ ಎತ್ತಲಿ' ಅನ್ನೋರಂತೆ."

ಪುಟ್ಟಪ್ಪ ನಿಂತ. "ಆ ಗುರುವಾರನೂ ಹಾಕ್ಸಿದ್ರಂತಾ?"

"ಅದೇ ವಿಚಿತ್ರ ಅಂತ ಇವನು ಜೈಲಲ್ಲಿ ಹೇಳಿದ. ಅವತ್ತು ಮಾತ್ರ 'ಲೈಟ್ ಬೇಡ' ಅಂದ್ರಂತೆ. ದಾರಿಯುದ್ದಕ್ಕೂ ಕತ್ತಲಲ್ಲೇ ಕೂತಿದ್ರಂತೆ."

*

ಸಂಜೆ ಆರಕ್ಕೆ ಪುಟ್ಟಪ್ಪ ಶೆಡ್ಡಿಗೆ ಬೀಗ ಹಾಕಿದ. ಹೋಗಬೇಡಿ ಎಂದ ಕಡೆಗೆ ಹೋಗುವುದು ಪತ್ತೇದಾರನ ಜಾತಿಗುಣ. ಅದಕ್ಕಿಂತ ಹೆಚ್ಚಾಗಿ, ಬೇಗ ಮನೆಗೆ ಹೋಗಿ ಮಾಡುವಂಥದ್ದೂ ಏನಿರಲಿಲ್ಲ.

ಅವನದೂ ಬಿಳಿ ಕಾರೇ. ಹದಿನಾರು ವರ್ಷದ್ದು. ವಿಘ್ನೇಶ ಟ್ಯಾಕ್ಸಿ ಕೊಳ್ಳುವಾಗ ಇದನ್ನೇ ನೋಡಿ, ಇಂಥದ್ದೇ ಬೇಕು ಎಂದು ಕೊಂಡಿದ್ದ. ಮಲೆನಾಡಿನಲ್ಲಿ ಬಿಳಿ ಕಾರು ಎಂದರೆ ಅದು ಗುರುತಲ್ಲ, ಗುಂಪು.

ಪುಟ್ಟಪ್ಪ ಒಳಗೆ ಕೂತು ಬಾಗಿಲು ಹಾಕಿಕೊಂಡ. ತಲೆಯ ಮೇಲಿನ ಹಳದಿ ಲೈಟು ಆರಲಿಲ್ಲ.

ಅವನು ಎಣಿಸಿದ. ಒಂದು, ಎರಡು, ಮೂರು. ಏಳಕ್ಕೆ ಲೈಟು ಎರಡು ಸಲ ಮಿಣುಕಿತು. ಆಮೇಲೆ ಎಣ್ಣೆ ತೀರಿದ ಹಣತೆಯ ಹಾಗೆ ನಿಧಾನಕ್ಕೆ ಇಳಿಯುತ್ತ, ಹನ್ನೆರಡಕ್ಕೆ ಸರಿಯಾಗಿ ಆರಿತು.

ಹೆಂಡತಿ ಸುಬ್ಬಮ್ಮನಿಗಾಗಿ ಮಾಡಿದ್ದು ಅದು. ಕಾರು ನಿಲ್ಲಿಸುವ ಜಾಗದಿಂದ ಮನೆಯ ಮೆಟ್ಟಿಲಿಗೆ ಹದಿನಾಲ್ಕು ಹೆಜ್ಜೆ. ಆ ಹದಿನಾಲ್ಕು ಹೆಜ್ಜೆಯಲ್ಲಿ ಹದಿನಾಲ್ಕು ಲೋಕದ ಹುಳಹುಪ್ಪಟೆ ಇವೆ ಎಂದು ಅವಳ ನಂಬಿಕೆ. ಬಾಗಿಲು ಹಾಕಿದ ಮೇಲೂ ಅವಳು ಮೆಟ್ಟಿಲು ಮುಟ್ಟುವವರೆಗೆ ಬೆಳಕು ಉಳಿಯಲಿ ಎಂದು ಪುಟ್ಟಪ್ಪ ತಾನೇ ಒಂದು ಟೈಮರು ಬೆಸೆದು ಕೂರಿಸಿದ್ದ. ಬೆಸುಗೆ ಒಂದು ಕಡೆ ಸಡಿಲ, ಅದಕ್ಕೇ ಆ ಎರಡು ಮಿಣುಕು. "ನಿಮ್ಮ ಲೈಟು ನಂಗೆ ಕಣ್ಣು ಹೊಡೀತದೆ, ನಿಮಗಿಂತ ವಾಸಿ" ಎಂದು ಅವಳು ನಗುತ್ತಿದ್ದಳು. ಅದಕ್ಕೇ ಅವನು ಸರಿ ಮಾಡಿರಲಿಲ್ಲ.

ಸುಬ್ಬಮ್ಮ ಹೋಗಿ ಮೂರು ವರ್ಷ. ಈಗ ದಿನಾ ಸಂಜೆ ಹನ್ನೆರಡರವರೆಗೆ ಎಣಿಸಿಯೇ ಅವನು ಕಾರಿನಿಂದ ಇಳಿಯುವುದು. ಕೆಲವೊಮ್ಮೆ ಇಳಿಯದೆ ಇನ್ನೊಮ್ಮೆ ಬಾಗಿಲು ತೆರೆದು ಹಾಕುತ್ತಾನೆ.

ಕಾರಿನಲ್ಲಿ ಇನ್ನೂ ಸೋಪಿನ ಪರಿಮಳ ತೆಳ್ಳಗೆ ಉಳಿದಿತ್ತು. ಸಂಪದಾ ಕಾರು ಹಿಂದಕ್ಕೆ ಕೊಡುವಾಗ ತೊಳೆಸಿ ಕೊಟ್ಟಿದ್ದಳು. ಹೊರಗೆ ಮಾತ್ರವಲ್ಲ, ಒಳಗೆ ಸೀಟು, ಮ್ಯಾಟು, ಗಾಜು ಎಲ್ಲವನ್ನೂ. ಊರಿನವರ ಕಾರನ್ನೆಲ್ಲ ರಿಪೇರಿ ಮಾಡಿದ ಪುಟ್ಟಪ್ಪನಿಗೆ, ತನ್ನ ಕಾರಿಗೆ ಇನ್ನೊಬ್ಬರು ನೀರು ಹಾಕಿದ್ದು ಅದೇ ಮೊದಲು. ಅವತ್ತು ರಾತ್ರಿ ಊಟ ಮಾಡುವಾಗಲೂ ಅದೇ ನೆನಪಾಗಿತ್ತು. ಮಗಳಿದ್ದಿದ್ದರೆ ಹೀಗೇ ಮಾಡುತ್ತಿದ್ದಳೋ ಏನೋ.

ಗೇರು ಹಾಕಿದ. ರಸ್ತೆಯಲ್ಲಿ ಎದುರಾದ ಶೃಂಗೇರಿಯ ಖಾಸಗಿ ಬಸ್ಸಿನೊಳಗೆ ನೀಲಿ ಲೈಟು ಉರಿಯುತ್ತಿತ್ತು. ಕಿಟಕಿಗೆ ತಲೆ ಆನಿಸಿದ ಒಂದು ಮುಖ ಕ್ಷಣ ಕಂಡು ಹೋಯಿತು.

ನಾರಾಯಣ ಮೇಷ್ಟ್ರು ಪುಟ್ಟಪ್ಪನಿಗೂ ಏಳನೇ ಕ್ಲಾಸಿನಲ್ಲಿ ಗಣಿತ ಹೇಳಿಕೊಟ್ಟವರು. ಪ್ರತಿ ಗುರುವಾರ ಟ್ಯಾಕ್ಸಿ ಮಾಡಿಕೊಂಡು ಶೃಂಗೇರಿಗೆ ಹೋಗಿ, ಒಂದು ಲೋಟ ಕಾಫಿ ಕುಡಿದು ಬರುತ್ತಿದ್ದರು. ಕಾಫಿ ನರಸಿಂಹರಾಜಪುರದಲ್ಲೂ ಸಿಗುತ್ತಿತ್ತು. ಎದುರು ಕೂತು ಕುಡಿಯುವವರು ಸಿಗುತ್ತಿರಲಿಲ್ಲ. ಡ್ರೈವರ್ ವಿಘ್ನೇಶ ಸಿಗುತ್ತಿದ್ದ.

ಲೈಟಿನ ಬಗ್ಗೆ ಸಾಯುವವರೆಗೆ ತಿಳಿಯಬೇಕಾದ್ದೆಲ್ಲ ತನಗೆ ಆಗಲೇ ತಿಳಿದಿದೆ ಎಂದು ಪುಟ್ಟಪ್ಪ ಅಂದುಕೊಂಡಿದ್ದ. ದಾರಿಯವರು ಕೈ ಎತ್ತಲಿ ಎಂದು ಒಬ್ಬ ಮನುಷ್ಯ ಕಾರಿನೊಳಗೆ ಲೈಟು ಹಾಕಿಸುತ್ತಾನೆ ಎಂಬುದು ಮಾತ್ರ ಗೊತ್ತಿರಲಿಲ್ಲ.

*

"ಬನ್ನಿ ಬನ್ನಿ ಪುಟ್ಟಪ್ಪಣ್ಣ! ಬ್ಯಾಟರಿ ಡಾಕ್ಟ್ರು ಜಯಪುರದ ತನಕ ಬಂದಿದೀರಿ, ಯಾರು ಸತ್ರು?"

"ನಿನ್ನ ಎಣ್ಣೆ ಸತ್ತು ಎಷ್ಟು ದಿನ ಆಯ್ತು ಅಂತ ಕೇಳೋಕೆ ಬಂದೆ."

ಕಿರಣ ನಕ್ಕು ಎರಡು ಮೆಣಸಿನಕಾಯಿ ಬಜ್ಜಿಯನ್ನು ಪೇಪರಿನ ಮೇಲೆ ಹಾಕಿದ. ಮೂವತ್ತರ ಆಸುಪಾಸಿನವನು, ಮಾತು ಬಜ್ಜಿಗಿಂತ ಬಿಸಿ. ಪುಟ್ಟಪ್ಪ ಕಾರನ್ನು ಅಂಗಡಿಯ ಬಲ್ಬಿನ ಬೆಳಕು ಮುಗಿಯುವ ಕಡೆ, ರಸ್ತೆಯ ಆಚೆ ಬದಿಗೆ ನಿಲ್ಲಿಸಿ ಬಂದಿದ್ದ. ಅವನು ಇಳಿಯುವಾಗ ಕಿರಣನ ಕಣ್ಣು ಬಾಣಲೆಯ ಮೇಲಿತ್ತು. ಗಂಟೆ ಆರೂ ಮುಕ್ಕಾಲು. ಅವತ್ತಿನ ಹೊತ್ತೇ.

"ಕಿರಣ, ವಿಘ್ನೇಶನ ಕಾರಿನ ಆ ಬಾಗ್ಲಲ್ಲಿ ಲೈಟ್ ಬರಲ್ಲ."

ಜಾಲರಿ ಸೌಟು ಬಾಣಲೆಯ ಮೇಲೆ ನಿಂತಿತು. ಎಣ್ಣೆ ಹನಿಯಿತು.

"ಎಂತ ಹೇಳ್ತೀರಿ? ನಾನು ಕಣ್ಣಾರೆ ನೋಡಿದೀನಿ. ಸುಳ್ಳು ಅಂತೀರಾ? ನಂಗೆ ಎಂತ ಲಾಭ ಅದ್ರಲ್ಲಿ?"

"ಸುಳ್ಳು ಅಂದಿಲ್ಲ. ಬೈಬೇಡ. ನೋಡಿದ್ದನ್ನ ಇನ್ನೊಂದ್ಸಲ ಹೇಳು. ಕೋರ್ಟಿಗೆ ಹೇಳಿದಂಗೆ ಅಲ್ಲ, ಹೆಂಡ್ತಿಗೆ ಹೇಳಿದಂಗೆ."

"ಹೆಂಡ್ತಿ ಪೂರ್ತಿ ಕೇಳಿದ್ರೆ ತಾನೇ ಹೇಳೂದು." ಕಿರಣ ಗ್ಯಾಸು ಸಣ್ಣ ಮಾಡಿದ. "ಕರೆಂಟ್ ಹೋಗಿತ್ತು. ಚಾರ್ಜರ್ ಲೈಟಲ್ಲಿ ಬಜ್ಜಿ ಬಿಡ್ತಿದ್ದೆ. ಬಿಳಿ ಕಾರ್ ಬಂದು ಆಚೆ ಬದಿಗೆ ನಿಂತಿತು, ಶೃಂಗೇರಿ ಕಡೆ ಮುಖ ಮಾಡಿ. ಈಗ ನೀವು ನಿಲ್ಸಿದೀರಲ್ಲ, ಅಲ್ಲೇ. ಹಿಂದಿನ ಬಾಗ್ಲು ತೆರೀತು, ಪಕ್ ಅಂತ ಒಳಗೆ ಲೈಟು. ಮೇಷ್ಟ್ರು ಕಂಡ್ರು. ಬಾಗ್ಲು ಮುಚ್ಚಿತು. ಕಾರ್ ಹೋಯ್ತು. ಅಷ್ಟೇ."

"ಕಾರು ನಿಲ್ಲೋದಕ್ಕೆ ಮುಂಚೆ ಒಳಗೆ ಲೈಟ್ ಇತ್ತಾ?"

"ಇಲ್ಲ. ಗವ್ವೆನ್ನೋ ಕತ್ತಲು."

"ಡ್ರೈವರ್ ಯಾರು ಅಂತ ಕಂಡ್ತಾ?"

"ಮುಂದಿನ ಸೀಟಲ್ಲಿ ಒಂದು ತಲೆ ಕಂಡ್ತು. ಶಾಲು ಹೊದ್ದಿತ್ತು. ಚಳಿ ಅಲ್ದಾ."

"ಬಾಗ್ಲು ಮುಚ್ಚಿದ ಮೇಲೆ ಮೇಷ್ಟ್ರು ಎಲ್ಲಿ ನಿಂತಿದ್ರು?"

"ಅಲ್ಲೇ..." ಕಿರಣ ಸೌಟಿನಿಂದ ರಸ್ತೆ ತೋರಿಸಲು ಹೋಗಿ ತಡೆದ. "ನಿಂತಿದ್ರು ಅಂದ್ರೆ... ಅವರು ನನ್ನ ಕಡೆ ನೋಡಿ ಕೈ ಎತ್ತಿದ್ರು. ಅವರ ಅಭ್ಯಾಸ ಅದು. ನನ್ನ ಕೈಯಲ್ಲಿ ಸೌಟಿತ್ತು, ನಾನು ಎತ್ತಲಿಲ್ಲ. ಈಗ ಅದೇ ಬೇಜಾರು."

"ಬಾಗ್ಲು ಹಾಕೋ ಮುಂಚೆ ಎತ್ತಿದ್ರಾ, ಆಮೇಲಾ?"

"ಆಮೇಲೆ. ಗಾಜಲ್ಲಿ ಕಂಡ್ತು."

"ಗಾಜಿನ ಈಚೆ ಕಡೆಯಾ, ಆಚೆ ಕಡೆಯಾ?"

ಬಾಣಲೆಯಲ್ಲಿದ್ದ ಬಜ್ಜಿ ಕಪ್ಪಾಗತೊಡಗಿತು. ಇಬ್ಬರೂ ಅದನ್ನು ನೋಡಲಿಲ್ಲ.

"ಗಾಜಿನ... ಒಳಗೆ," ಎಂದ ಅವನು ಮೆಲ್ಲಗೆ. "ಅಯ್ಯೋ ಮಾರಾಯ್ರೆ. ಅವರು ಇಳೀಲಿಲ್ಲ. ಹತ್ತಿದ್ರು."

"ಇಳಿದ್ರು ಅಂತ ಪೊಲೀಸ್ ಸ್ಟೇಷನ್ನಲ್ಲಿ ಯಾಕೆ ಹೇಳ್ದೆ?"

"ಮೊದ್ಲು ಬಂದು ಕೇಳಿದ್ದು ಲಾಯರಮ್ಮ. 'ವಿಘ್ನೇಶನ ಕಾರಿಂದ ಮೇಷ್ಟ್ರು ಇಳಿದಿದ್ದು ನೋಡಿದ್ಯಲ್ಲ?' ಅಂದ್ರು. ಬಿಳಿ ಕಾರು, ಗುರುವಾರ, ಮೇಷ್ಟ್ರು. ಮೂರೂ ಸೇರಿದ್ರೆ ವಿಘ್ನೇಶನೇ ಅಲ್ದಾ? ಹೂಂ ಅಂದೆ. ಒಂದ್ಸಲ ಹೂಂ ಅಂದಮೇಲೆ ನಂಗೂ ಹಂಗೇ ಕಾಣೋಕೆ ಶುರುವಾಯ್ತು."

ಪುಟ್ಟಪ್ಪನಿಗೆ ಅರ್ಧ ಗಂಟು ಬಿಚ್ಚಿತ್ತು. ವಿಘ್ನೇಶ ನಿಜವನ್ನೇ ಹೇಳಿದ್ದ. ಅವನ ಕಾರಿನ ಬಾಗಿಲು ತೆರೆದಾಗ ಲೈಟು ಹೊತ್ತಲಿಲ್ಲ. ಮೇಷ್ಟ್ರು ಕತ್ತಲಿನಿಂದ ಕತ್ತಲಿಗೆ ಇಳಿದರು, ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ಬಂದದ್ದು ಇನ್ನೊಂದು ಬಿಳಿ ಕಾರು. ಜಲಜಮ್ಮನ ಅಕ್ಷತೆ ಮಗನನ್ನು ಮುಳುಗಿಸಿರಲಿಲ್ಲ, ಎತ್ತಿತ್ತು.

ಒಂದು ಮುಳ್ಳು ಮಾತ್ರ ಉಳಿದಿತ್ತು. ಅದನ್ನು ಕೇಳುವಾಗ ಪುಟ್ಟಪ್ಪನ ದನಿ ಅವನಿಗೇ ಗುರುತು ಸಿಗಲಿಲ್ಲ.

"ಬಾಗ್ಲು ಮುಚ್ಚಿದ ತಕ್ಷಣ ಒಳಗಿನ ಲೈಟ್ ಆರಬೇಕಲ್ಲ ಕಿರಣ. ಆಮೇಲೆ ಕೈ ಎತ್ತಿದ್ದು ಹೆಂಗೆ ಕಂಡ್ತು?"

"ಆರ್ಲಿಲ್ಲ. ಅದಕ್ಕೇ ಅಲ್ದಾ ನೆನಪಲ್ಲಿ ಉಳಿದಿದ್ದು! ಸ್ವಲ್ಪ ಹೊತ್ತು ಹಂಗೇ ಇತ್ತು. ಹಳದಿ ಲೈಟು. ಆಮೇಲೆ ಎರಡು ಸಲ ಮಿಣುಕ್ ಮಿಣುಕ್ ಅಂತು, ಕಣ್ಣು ಹೊಡೆದಂಗೆ. ಆಮೇಲೆ ನಿಧಾನ ಇಳೀತು. ಮೇಷ್ಟ್ರ ಮುಖ ಸ್ವಲ್ಪ ಸ್ವಲ್ಪಾನೇ ಮುಳುಗಿದಂಗೆ ಆಯ್ತು. ಯಾರ ಕಾರಲ್ಲೂ ನಾನು ಹಂಗೆ ನೋಡಿಲ್ಲ."

ಪುಟ್ಟಪ್ಪ ನೋಡಿದ್ದ. ಬೇಸಿಗೆ, ಮಳೆ, ಚಳಿ ಎನ್ನದೆ ಪ್ರತಿದಿನ.

ಬಾಯಲ್ಲಿದ್ದ ಬಜ್ಜಿಗೆ ರುಚಿ ಇರಲಿಲ್ಲ.

ಆ ಗುರುವಾರ ಮಧ್ಯಾಹ್ನ ಸಂಪದಾಳ ಕಾರಿನ ಸೆಲ್ಫ್ ಮೋಟಾರ್ ಬಿಚ್ಚಿ, ತನ್ನ ಕಾರಿನ ಕೀಲಿಯನ್ನು ಅವಳ ಕೈಯಲ್ಲಿ ಇಟ್ಟಿದ್ದ. ಕಾರು ಹಿಂದಕ್ಕೆ ಬಂದದ್ದು ಶುಕ್ರವಾರ ಸಂಜೆ. ತೊಳೆದುಕೊಂಡು.

ಅವನು ಎದ್ದು ರಸ್ತೆ ದಾಟಿದ. ಕಾರಿನ ಹಿಡಿಕೆಯ ಮೇಲೆ ಕೈಯಿಟ್ಟು ನಿಂತ.

ಬಾಗಿಲು ತೆರೆಯಲಾಗಲಿಲ್ಲ.

ತೆರೆದರೆ ಲೈಟು ಹೊತ್ತುತ್ತದೆ. ಅಲ್ಲಿಂದ ಕಿರಣ ನೋಡುತ್ತಾನೆ. ಸುಬ್ಬಮ್ಮನಿಗೆಂದು ಬೆಸೆದ ಬೆಳಕು ಕೋರ್ಟಿನಲ್ಲಿ ಸಾಕ್ಷಿಯಾಗುತ್ತದೆ, ಕಾರನ್ನು ಪೊಲೀಸರು ಒಯ್ಯುತ್ತಾರೆ. ಹಾಗೆ ಒಯ್ದದ್ದು ಹಿಂದಕ್ಕೆ ಬರುವಷ್ಟರಲ್ಲಿ ಬೆಸುಗೆ ಬಿಟ್ಟಿರುತ್ತದೆ. ಕಾರು ಯಾರ ಹೆಸರಿನಲ್ಲಿದೆ ಎಂದು ಮೊದಲು ಕೇಳುತ್ತಾರೆ. ಮೇಷ್ಟ್ರನ್ನು ಕರೆದೊಯ್ದದ್ದು ಅವನೇ ಎನ್ನುತ್ತಾರೆ. ಅಲ್ಲ ಎನ್ನಲು, ತನ್ನ ಕಾರಿಗೆ ನೀರು ಹಾಕಿದ ಒಬ್ಬಳೇ ಒಬ್ಬಳ ಹೆಸರು ಹೇಳಬೇಕು.

ತೆರೆಯದಿದ್ದರೆ, ನಾಳೆ ಹತ್ತೂವರೆಗೆ ಜಲಜಮ್ಮ ಮತ್ತೊಂದು ಡಬ್ಬಿ ತುಂಬಿಕೊಂಡು ಕೋರ್ಟಿನ ಮೆಟ್ಟಿಲ ಮೇಲೆ ಕೂತಿರುತ್ತಾರೆ.

"ಎಂತ ಪುಟ್ಟಪ್ಪಣ್ಣ, ಕೀಲಿ ಒಳಗೇ ಬಿಟ್ರಾ?" ಅಂಗಡಿಯಿಂದ ಕಿರಣ ಕೂಗಿದ.

"ಇಲ್ಲ ಮಾರಾಯ." ಪುಟ್ಟಪ್ಪ ಹಿಡಿಕೆ ಬಿಡದೆ ತಿರುಗಿದ. "ನಿನ್ನ ಅಂಗಡಿ ಬಲ್ಬ್ ಆರಿಸು. ಈ ಕಡೆ ನೋಡ್ತಾ ಇರು. ಬೇರೆ ಎಂತದೂ ಮಾಡಬೇಡ."

ಬಲ್ಬು ಆರಿತು.

ಪುಟ್ಟಪ್ಪ ಹಿಂದಿನ ಎಡಬಾಗಿಲು ತೆರೆದ. ಹಳದಿ ಬೆಳಕು ಹೊತ್ತಿತು. ಅವನು ಒಳಗೆ ಕೂತು ಬಾಗಿಲು ಎಳೆದುಕೊಂಡ. ಮೂರು ವರ್ಷದಲ್ಲಿ ಮೊದಲ ಸಲ ಎಣಿಸಲಿಲ್ಲ. ಬೆಳಕು ಮಿಣುಕಿತು, ಮತ್ತೆ ಮಿಣುಕಿತು, ಇಳಿಯಿತು.

ರಸ್ತೆಯಾಚೆ ಸೌಟು ನೆಲಕ್ಕೆ ಬಿದ್ದ ಸದ್ದು ಕೇಳಿತು.

"ಅದೇ!" ಕಿರಣನ ದನಿ ಸೀಳಿತು. "ಪುಟ್ಟಪ್ಪಣ್ಣಾ... ಅದೇ ಲೈಟು! ಅದೇ ಕಾರು!"

ಕತ್ತಲಲ್ಲಿ ಕೂತಿದ್ದ ಪುಟ್ಟಪ್ಪನ ಮುಖ ಇದ್ದಕ್ಕಿದ್ದಂತೆ ಬೆಳಗಿತು. ಈ ಸಲ ಅದು ಫೋನಿನ ಬೆಳಕು. ಪರದೆಯ ಮೇಲೆ 'ಲಾಯರಮ್ಮ'.

"ಪುಟ್ಟಪ್ಪಣ್ಣ, ಎಲ್ಲಿದ್ದೀರಿ?"

"ಕಾರಲ್ಲಿ."

"ಜಯಪುರಕ್ಕೆ ಹೋಗಬೇಡಿ ಅಂದಿದ್ದೆ."

"ನಾನು ಬರ್ಲಿಲ್ಲ ಲಾಯರಮ್ಮ, ಕಾರೇ ಕರ್ಕೊಂಡು ಬಂತು. ಅದಕ್ಕೆ ಈ ಜಾಗ ಮೊದ್ಲೇ ಗೊತ್ತಿತ್ತಲ್ಲ."

ಪುಟ್ಟಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಬೇರೆ ಎಂತದೂ ಕೇಳಲ್ಲ ನಾನು," ಎಂದ ಪುಟ್ಟಪ್ಪ. "ಅವತ್ತು ಕಾರು ತೊಳೆಸಿದ್ದು ಎಂತಕ್ಕೆ? ಅಷ್ಟು ಹೇಳಿ ಸಾಕು."

ಅವನು ಎಣಿಸತೊಡಗಿದ. ಅಭ್ಯಾಸ. ನಾಲ್ಕು, ಐದು, ಆರು. ಒಂಬತ್ತಕ್ಕೆ ಆ ಕಡೆ ಯಾರೋ ಕೆಮ್ಮಿದರು. ಅದು ಹೆಣ್ಣಿನ ಕೆಮ್ಮಾಗಿರಲಿಲ್ಲ.

"ಕೊಡಮ್ಮ ಇಲ್ಲಿ," ಎಂದು ದೂರದಿಂದ ಕೇಳಿತು. ಫೋನು ಕೈ ಬದಲಾಯಿತು.

"ಪುಟ್ಟಪ್ಪಾ."

ಏಳನೇ ಕ್ಲಾಸಿನಲ್ಲಿ ಮಗ್ಗಿ ತಪ್ಪಿದಾಗ ಇದೇ ದನಿ ಹೀಗೇ ಕರೆದಿತ್ತು. ಹನ್ನೊಂದು ದಿನದಿಂದ ಈ ದನಿಯನ್ನು ತುಂಗೆಯಲ್ಲಿ ಬಲೆ ಹಾಕಿ ಹುಡುಕುತ್ತಿದ್ದರು.

"ಅವಳನ್ನ ಬೈಬೇಡ ಮಾರಾಯ. ನಾಳೆ ಸಂಜೆ ತನಕ ನಾನು ಸತ್ತೇ ಇರ್ಬೇಕು. ಅದಕ್ಕೆ ಮುಂಚೆ ನಾನು ಬದುಕಿದೀನಿ ಅಂತ ನನ್ನ ಬೆನ್ನು ಹತ್ತಿದೋರಿಗೆ ಗೊತ್ತಾದ್ರೆ, ನನ್ನ ಬಚ್ಚಿಟ್ಟ ಈ ಹುಡುಗಿ ಉಳಿಯಲ್ಲ."

"ಮೇಷ್ಟ್ರೇ, ನಾಳೆ ಹತ್ತೂವರೆಗೆ ವಿಘ್ನೇಶ..."

"ಗೊತ್ತು." ದನಿ ತಡವರಿಸಿತು. ಆಚೆ ಬದಿಯಿಂದ ಕಿರಣ ಟಾರ್ಚು ಹಿಡಿದು ಕಾರಿನ ಕಡೆಗೆ ಬರುತ್ತಿದ್ದ. "ಗೊತ್ತು ಪುಟ್ಟಪ್ಪಾ. ಒಂದು ಮಾತು ಹೇಳು. ಅವತ್ತು ನಾನು ಕೈ ಎತ್ತಿದ್ದೆ. ಕಿರಣ ನೋಡಿದ್ನಾ?"